ಧೈರ್ಯದ ಬಗ್ಗೆ ಬರೆದಿದ್ದೀರಿ, ಧೈರ್ಯವಾಗಿ ಬರೆದಿಲ್ಲ

ಪ್ರಿಯ ಸಹೋದರರೇ,

ಕರ್ತನ ನಾಮದಲ್ಲಿ ವಂದನೆಗಳು. ನೀವು ಪ್ರಕಟಣೆಗೆ ಕಳಿಸಿದ ‘ಎದ್ದೇಳಿರಿ, ಕ್ರೈಸ್ತರೇ’ ಲೇಖನ ಕೈ ಸೇರಿತು. ಪೂರ್ತಿ ಓದಿದೆ, ಮತ್ತೆ ಮೊದಲಿಂದ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಚ್ಚಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಈ ವಿಷಯ ನನ್ನ ಮನಸ್ಸಿಗೂ ತುಂಬಾ ಹತ್ತಿರದ್ದು, ಅದಕ್ಕೇ ಎರಡು ಸಾಲಿನಲ್ಲಿ ಮುಗಿಸುತ್ತಿಲ್ಲ.

ನೀವು ಹೇಳುವುದು ಇಷ್ಟು. ಈಗಿನ ವಿಶ್ವಾಸಿಗಳು ಮಲಗಿಬಿಟ್ಟಿದ್ದಾರೆ, ಭಾನುವಾರಕ್ಕೆ ಮಾತ್ರ ಕ್ರೈಸ್ತರು, ಹಿಂದಿನವರು ಪ್ರಾಣ ಕೊಟ್ಟರು, ನಾವು ಹಾಯಾಗಿ ಕೂತಿದ್ದೇವೆ, ಇನ್ನಾದರೂ ಏಳೋಣ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದಿದ ಯಾರಿಗೂ ಚುಚ್ಚುವುದಿಲ್ಲ. ‘ಹೌದು ಹೌದು, ಸಭೆಗಳು ಹಾಗೇ ಆಗಿವೆ’ ಅಂತ ತಲೆ ಆಡಿಸುತ್ತಾರೆ, ಮನಸ್ಸಿನಲ್ಲಿ ಪಕ್ಕದ ಬೆಂಚಿನವರನ್ನು ನೆನೆಸಿಕೊಳ್ಳುತ್ತಾರೆ, ಪುಟ ತಿರುಗಿಸುತ್ತಾರೆ. ಪ್ರವಾದಿ ನಾತಾನನು ತಪ್ಪು ಮಾಡಿದ್ದ ಅರಸ ದಾವೀದನ ಮುಂದೆ ನಿಂತು ‘ಈ ಕಾಲದ ರಾಜರೆಲ್ಲ ಕೆಟ್ಟಿದ್ದಾರೆ’ ಅನ್ನಲಿಲ್ಲ. ಒಬ್ಬ ಬಡವ, ಅವನ ಒಂದೇ ಒಂದು ಕುರಿಮರಿ, ಅದನ್ನು ಕಿತ್ತುಕೊಂಡ ಒಬ್ಬ ಐಶ್ವರ್ಯವಂತ, ಇಷ್ಟನ್ನೇ ಹೇಳಿದ. ದಾವೀದನಿಗೆ ಸಿಟ್ಟು ಬಂದ ಮೇಲೆ ‘ಆ ಮನುಷ್ಯ ನೀನೇ’ ಅಂದ. ನಿಮ್ಮ ಲೇಖನದಲ್ಲಿ ಕುರಿಮರಿಯೂ ಇಲ್ಲ, ಬಡವನೂ ಇಲ್ಲ.

ಬೈಬಲಿನ ಪ್ರಕಟನೆ ಪುಸ್ತಕದಲ್ಲಿ ಕರ್ತನು ಲವೊದಿಕೀಯ ಪಟ್ಟಣದ ಸಭೆಗೆ ಹೇಳಿದ ಮಾತನ್ನು ಎತ್ತಿಕೊಂಡಿದ್ದು ಸರಿ. ಆದರೆ ‘ಉಗುರುಬೆಚ್ಚಗಿದ್ದೀ’ ಅನ್ನುವಲ್ಲಿಗೇ ನಿಂತು, ಎಲ್ಲರೂ ಬಿಸಿಯಾಗಬೇಕು, ಕುದಿಯಬೇಕು ಅಂತ ಬರೆಯುತ್ತಾ ಹೋಗಿದ್ದೀರಿ. ವಚನವನ್ನು ಸರಿಯಾಗಿ ನೋಡಿ, ತಣ್ಣಗಿದ್ದರೂ ಚೆನ್ನಾಗಿತ್ತು ಅಂತ ಕರ್ತನು ಹೇಳುತ್ತಾನಲ್ವಾ? ಹಾಗಿದ್ದ ಮೇಲೆ ಬರೀ ಆವೇಶ ಇಲ್ಲದ್ದು ಅವರ ರೋಗ ಆಗಿರಲಿಕ್ಕಿಲ್ಲ. ಮುಂದಿನ ವಚನ, ಪ್ರಕಟನೆ 3:17, ಅದನ್ನೇ ಹೇಳುತ್ತದೆ. ‘ನಾನು ಐಶ್ವರ್ಯವಂತ, ನನಗೇನೂ ಕಡಿಮೆ ಇಲ್ಲ’ ಅನ್ನುವುದು ಅವರ ಮಾತಾಗಿತ್ತು. ಕ್ರಿ.ಶ. 60ರ ಭೂಕಂಪದಲ್ಲಿ ಆ ಪಟ್ಟಣ ಬಿದ್ದುಹೋದಾಗ ರೋಮಿನ ಸಹಾಯ ಇಲ್ಲದೆ ತನ್ನ ಸ್ವಂತ ದುಡ್ಡಿನಲ್ಲೇ ಮತ್ತೆ ಎದ್ದು ನಿಂತಿತು ಅಂತ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಯಾರ ಹಂಗೂ ಬೇಡ ಅನ್ನುವುದು ಆ ಊರಿನ ಹೆಮ್ಮೆ, ಅದೇ ಹೆಮ್ಮೆ ಸಭೆಯ ಒಳಗೂ ಬಂದು ಕೂತಿತ್ತು ಅಂತ ನನಗೆ ಅನ್ನಿಸುತ್ತದೆ. ಹೀಗೆ ನೋಡಿದರೆ ನೆಮ್ಮದಿಗೆ ಒಗ್ಗಿಹೋದ ವಿಶ್ವಾಸಿ ಸೋಮಾರಿ ಆಗಿರಬೇಕಂತಿಲ್ಲ. ಸಭೆಯ ಕೆಲಸಕ್ಕೆ ಮುಂದೆ ನಿಂತು ಓಡಾಡುತ್ತಾನೆ, ಕಾಣಿಕೆ ಕೊಡುತ್ತಾನೆ, ಜೋರಾಗಿ ಹಾಡುತ್ತಾನೆ. ದೇವರು ಕೈಬಿಟ್ಟರೆ ಬಿದ್ದುಹೋಗುವಂಥ ಒಂದು ಹೆಜ್ಜೆಯನ್ನು ಮಾತ್ರ ಇಡುವುದಿಲ್ಲ. ಈ ಮನುಷ್ಯನ ಬಗ್ಗೆ ಬರೆಯಿರಿ. ಓದುವವರು ತಮ್ಮನ್ನೇ ಗುರುತಿಸಿಕೊಳ್ಳುತ್ತಾರೆ.

ಎರಡನೇ ಶತಮಾನದಲ್ಲಿ ರೋಮಿನವರು ಕೊಂದ ಸ್ಮುರ್ನ ಪಟ್ಟಣದ ಬಿಷಪ್ ಪಾಲಿಕಾರ್ಪನ ಭಾಗದಲ್ಲಿ ತಪ್ಪಿದೆ, ಅದನ್ನು ತಿದ್ದಲೇಬೇಕು. ಸಾಯುವುದಕ್ಕೆ ಅವನು ಓಡೋಡಿ ಹೋದ ಅಂತ ಬರೆದಿದ್ದೀರಿ. ಹಾಗೇನಿಲ್ಲ. ಅವನ ಸಾವಿನ ಬಗ್ಗೆ ಸ್ಮುರ್ನದ ಸಭೆ ಬರೆದ ಪತ್ರವೇ ಇದೆ. ಹುಡುಕಾಟ ಶುರುವಾದಾಗ ಜೊತೆಯವರ ಮಾತು ಕೇಳಿ ಅವನು ಊರ ಹೊರಗಿನ ಹೊಲದ ಮನೆಗೆ ಹೋದ, ಅಲ್ಲಿಂದ ಇನ್ನೊಂದಕ್ಕೆ ಹೋದ. ಕೊನೆಗೆ ರಾತ್ರಿ ಹೊತ್ತು ಹಿಡಿಯಲು ಬಂದವರಿಗೆ ಬೇಕಾದಷ್ಟು ಊಟ ಬಡಿಸಲು ಹೇಳಿ, ಪ್ರಾರ್ಥನೆಗೆ ಒಂದು ಗಂಟೆ ಬಿಡಿ ಅಂತ ಕೇಳಿಕೊಂಡ. ಕ್ರಿಸ್ತನನ್ನು ಬಯ್ಯಿ, ಬಿಟ್ಟುಬಿಡುತ್ತೇವೆ ಅಂದಾಗ, 86 ವರ್ಷ ಅವನ ಸೇವೆ ಮಾಡಿದ್ದೇನೆ, ಅವನು ನನಗೆ ಯಾವ ಅನ್ಯಾಯವನ್ನೂ ಮಾಡಿಲ್ಲ, ನನ್ನನ್ನು ರಕ್ಷಿಸಿದ ಅರಸನನ್ನು ಹೇಗೆ ದೂಷಿಸಲಿ ಅಂದ. ಅದೇ ಪತ್ರದಲ್ಲಿ ಕ್ವಿಂಟಸ್ ಅನ್ನುವವನೂ ಬರುತ್ತಾನೆ. ಯಾರೂ ಹಿಡಿಯದಿದ್ದರೂ ತಾನೇ ಮುಂದೆ ಬಂದ, ಇನ್ನೂ ಕೆಲವರನ್ನು ಹುರಿದುಂಬಿಸಿ ಕರೆತಂದ, ಕಾಡುಮೃಗಗಳನ್ನು ಕಂಡದ್ದೇ ನಡುಗಿಹೋಗಿ ಅಧಿಕಾರಿ ಹೇಳಿದ ಬಲಿ ಅರ್ಪಿಸಿಬಿಟ್ಟ. ತಾವಾಗಿಯೇ ಹೋಗಿ ಸಿಕ್ಕಿಬೀಳುವವರನ್ನು ನಾವು ಹೊಗಳುವುದಿಲ್ಲ ಅಂತ ಆ ಸಭೆಯೇ ಬರೆಯಿತು. ನಿಮ್ಮ ಲೇಖನದ ಈಗಿನ ದನಿ ಕ್ವಿಂಟಸನ ಕಡೆ ಜಾಸ್ತಿ ವಾಲುತ್ತಿದೆ. ಓದಿದ ಹುಡುಗರು ಆವೇಶದಲ್ಲಿ ಎಲ್ಲೋ ಹೋಗಿ ಕೂಗಾಡಿ ಬಂದು ಅದನ್ನೇ ಧೈರ್ಯ ಅಂದುಕೊಂಡರೆ, ಅದರ ಹೊಣೆ ನಿಮ್ಮದೂ ಹೌದು, ಪ್ರಕಟಿಸಿದ ನನ್ನದೂ ಹೌದು.

ಜರ್ಮನಿಯ ಪಾದ್ರಿ ಬಾನ್‌ಹಾಫರ್ ಬಗ್ಗೆ ‘ಹಿಟ್ಲರನನ್ನು ಎದುರಿಸಿ 1945ರಲ್ಲಿ ಗಲ್ಲಿಗೇರಿದ’ ಅಂತ ಒಂದೇ ಸಾಲು. ಸಾವಿಗಿಂತ 1939ರ ಬೇಸಿಗೆಯನ್ನು ಬರೆಯಿರಿ. ನ್ಯೂಯಾರ್ಕಿನಲ್ಲಿ ಕ್ಷೇಮವಾಗಿದ್ದ, ಅಲ್ಲೇ ಉಳಿಯಬಹುದಿತ್ತು. ಒಂದು ತಿಂಗಳೂ ತುಂಬುವ ಮೊದಲೇ ಜರ್ಮನಿಗೆ ಹಡಗು ಹತ್ತಿದ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ನಾಲ್ಕನೇ ಪುಟದ ಮಧ್ಯೆ ಹೀಗೊಂದು ಸಾಲಿದೆ: ‘ಒಮ್ಮೆ ಕಚೇರಿಯಲ್ಲಿ ಸುಳ್ಳು ಬಿಲ್ಲಿಗೆ ಸಹಿ ಹಾಕಲು ಹೇಳಿದರು, ನಾನು ಹಾಕಲಿಲ್ಲ, ಸ್ವಲ್ಪ ತೊಂದರೆಯಾಯಿತು, ಆದರೆ ದೇವರು ನೋಡಿಕೊಂಡನು.’ ಅಷ್ಟೇ ಹೇಳಿ ಮತ್ತೆ ಉಪದೇಶಕ್ಕೆ ಹೋಗಿಬಿಟ್ಟಿದ್ದೀರಿ. ಸಹೋದರರೇ, ಲೇಖನ ಇರುವುದು ಇಲ್ಲೇ! ಬಿಲ್ಲನ್ನು ನಿಮ್ಮ ಮುಂದೆ ಇಟ್ಟವರು ಜೋರು ಮಾಡಿದರೋ, ನಗುನಗುತ್ತಲೇ ಇಟ್ಟರೋ? ‘ಆಗುವುದಿಲ್ಲ ಸಾರ್’ ಅನ್ನುವಾಗ ನಿಮ್ಮ ಗಂಟಲು ಒಣಗಿತ್ತಾ? ಮನೆಯಲ್ಲಿ ಆ ರಾತ್ರಿಯೇ ಹೇಳಿದಿರಾ, ಮುಚ್ಚಿಟ್ಟಿರಾ? ಮಾರನೇ ದಿನದಿಂದ ಜೊತೆಯಲ್ಲಿ ಊಟಕ್ಕೆ ಕೂರುತ್ತಿದ್ದವರು ಕೂತರಾ? ಆಮೇಲೆ ಆ ಸಹಿ ಹಾಕಿದವರು ಯಾರು? ಅವರನ್ನು ಬಯ್ಯಬೇಡಿ, ಅವರ ಮೇಲೆ ಯಾವ ಭಾರ ಇತ್ತೋ. ಯೇಸುವಿನ ಶಿಷ್ಯ ಪೇತ್ರನು ತನ್ನ ಕರ್ತನನ್ನು ಅರಿಯೆನು ಅಂದದ್ದೂ ಒಬ್ಬ ದಾಸಿಯ ಪ್ರಶ್ನೆಗೆ, ಚಳಿ ಕಾಯಿಸಿಕೊಳ್ಳುವ ಜಾಗದಲ್ಲಿ. ನಮ್ಮಲ್ಲಿ ಹೆಚ್ಚಿನವರಿಗೆ ಪರೀಕ್ಷೆ ಬರುವುದು ಇಂಥ ಕಡೆಯೇ, ಸಿಂಹಗಳ ಮುಂದೆ ಅಲ್ಲ. ಅದೇ ಪೇತ್ರನು ಆಮೇಲೆ ಯೆಹೂದ್ಯರ ನ್ಯಾಯಸಭೆಯಾದ ಹಿರೀಸಭೆಯ ಮುಂದೆ ಗಟ್ಟಿಯಾಗಿ ನಿಂತನಲ್ಲ, ಅಲ್ಲಿಂದ ಬಿಟ್ಟು ಬಂದ ಮೇಲೂ ಸಭೆ ಸೇರಿ ಪ್ರಾರ್ಥಿಸಿದ್ದು ಏನು ನೋಡಿ. ಬೆದರಿಕೆ ನಿಲ್ಲಿಸು ಅಂತ ಕೇಳಲಿಲ್ಲ, ಧೈರ್ಯದಿಂದ ಮಾತಾಡುವ ಹಾಗೆ ಮಾಡು ಅಂತ ಕೇಳಿದರು. ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯ ಇನ್ನೊಮ್ಮೆ ಓದಿ. ನಿಮಗೂ ಆ ದಿನಗಳಲ್ಲಿ ಯಾರಾದರೂ ಜೊತೆಗಿದ್ದು ಪ್ರಾರ್ಥಿಸಿದ್ದರೆ ಅದನ್ನೂ ಬರೆಯಿರಿ. ಯಾರೂ ಇರದಿದ್ದರೆ ಅದನ್ನಂತೂ ಖಂಡಿತ ಬರೆಯಿರಿ, ನಮ್ಮ ಸಭೆಗಳು ಕೇಳಬೇಕು.

‘ದೇವರು ನೋಡಿಕೊಂಡನು’ ಅನ್ನುವಲ್ಲಿಗೆ ಅಷ್ಟು ಬೇಗ ಓಡಬೇಡಿ. ನೋಡಿಕೊಂಡದ್ದು ನಿಜ ಇರಬಹುದು, ಆದರೆ ಅದಕ್ಕೆ ಎಷ್ಟು ತಿಂಗಳು ಹಿಡಿಯಿತು, ನಡುವೆ ಏನೇನು ಕಳೆದುಕೊಂಡಿರಿ? ಬಡ್ತಿ ತಪ್ಪಿದ್ದು ತಿರುಗಿ ಬರಲೇ ಇಲ್ಲ ಅಂದರೆ ಹಾಗೇ ಬರೆಯಿರಿ. ದಾನಿಯೇಲನ ಪುಸ್ತಕದ ಶದ್ರಕ್, ಮೇಶಕ್, ಅಬೇದ್‌ನೆಗೋ ಬೆಂಕಿಗೆ ಎಸೆಯುತ್ತೇನೆ ಅಂದ ಬಾಬೆಲಿನ ಅರಸನಿಗೆ, ದೇವರು ಬಿಡಿಸಬಲ್ಲ, ಬಿಡಿಸದೇ ಹೋದರೂ ನಿನ್ನ ಪ್ರತಿಮೆಗೆ ಅಡ್ಡಬೀಳೆವು ಅಂದರು. ಇಂಥದ್ದೇ ಸ್ಥಿತಿಯಲ್ಲಿ ಇವತ್ತು ಕೆಲಸ ಕಳೆದುಕೊಂಡು ಕೂತಿರುವ ಓದುಗರೂ ನಮಗಿದ್ದಾರೆ. ಸುಮ್ನೆ ಸುಖಾಂತ್ಯ ಮಾಡಿದರೆ ಅವರಿಗೆ ನೋವಾಗುತ್ತದೆ.

ಮೂರು ಪುಟ ಸಾಕು. ವಚನಗಳನ್ನು ಪೂರ್ತಿ ಬರೆಯುವುದು ಬೇಡ, ಅಧ್ಯಾಯ ಕೊಟ್ಟರೆ ಸಾಕು. ಕಚೇರಿಯ ಹೆಸರು, ಮೇಲಧಿಕಾರಿಯ ಹೆಸರು ಎಲ್ಲೂ ಬರಬಾರದು. ನಿಮ್ಮ ಹೆಸರು ಹಾಕಬೇಕೋ ಬೇಡವೋ ಅನ್ನುವುದನ್ನು ಮನೆಯವರ ಜೊತೆ ಕೂತು ತೀರ್ಮಾನಿಸಿ, ಯಾಕಂದರೆ ನೀವು ಇನ್ನೂ ಅಲ್ಲೇ ಕೆಲಸದಲ್ಲಿದ್ದೀರಿ. ಅವರು ಬೇಡ ಅಂದರೆ ಹೆಸರಿಲ್ಲದೆಯೇ ಹಾಕುತ್ತೇನೆ.