ಪ್ರಶ್ನೋತ್ತರ: ಐಸ್‌ಲ್ಯಾಂಡಿಕ್‌ನಲ್ಲಿ ಬಿಸಿ, ಸೆಖೆ, ಜ್ವರ

ಪ್ರಶ್ನೆ: ಕೆಲಸಕ್ಕಾಗಿ ರೇಕ್ಯಾವಿಕ್‌ಗೆ ಹೋಗುವವನಿದ್ದೇನೆ. ಇಂಗ್ಲಿಷ್‌ನಿಂದ ಐಸ್‌ಲ್ಯಾಂಡಿಕ್‌ಗೆ ಅರ್ಥ ಕೊಡುವ ನಿಘಂಟು ನೋಡಿ ಕಲಿಯುತ್ತಿದ್ದೇನೆ. ‘ಹಾಟ್’ ಪದಕ್ಕೆ ‘ಹೆಯ್ತುರ್’ ಎಂದಿದೆ. ‘ಐ ಆಮ್ ಹಾಟ್’ ಎನ್ನಲು ‘ಯೆಗ್ ಎರ್ ಹೆಯ್ತುರ್’ ಎಂದು ಬರೆದರೆ ಕಲಿಸುವವರು ತಪ್ಪು ಎನ್ನುತ್ತಾರೆ. ಯಾಕೆ?

ಉತ್ತರ: ಇಂಗ್ಲಿಷನ್ನು ಪಕ್ಕಕ್ಕಿಟ್ಟು ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ. ‘ನಾನು ಸೆಖೆ’ ಎಂದು ಯಾರೂ ಅನ್ನುವುದಿಲ್ಲ, ‘ನನಗೆ ಸೆಖೆ’ ಅನ್ನುತ್ತೇವೆ. ಐಸ್‌ಲ್ಯಾಂಡಿಕ್‌ನ ಜಾಡೂ ಅದೇ: ‘ಮ್ಯೆರ್ ಎರ್ ಹೆಯ್ಹ್ತ್’. ‘ಮ್ಯೆರ್’ ಎಂದರೆ ‘ನನಗೆ’, ನಮ್ಮದೇ ಚತುರ್ಥಿ ವಿಭಕ್ತಿ. ಚಳಿಯಾದರೆ ‘ಮ್ಯೆರ್ ಎರ್ ಕಲ್ತ್’, ಬೆಚ್ಚಗಿದ್ದರೆ ‘ಮ್ಯೆರ್ ಎರ್ ಹ್ಲೀಹ್ತ್’. ಹೇಳುವವರು ಗಂಡಸಾಗಲಿ ಹೆಂಗಸಾಗಲಿ, ಇಲ್ಲಿ ಗುಣವಾಚಕ ಯಾವಾಗಲೂ ನಪುಂಸಕ ಲಿಂಗದಲ್ಲೇ ನಿಲ್ಲುತ್ತದೆ. ನೀವು ಬರೆದ ವಾಕ್ಯವನ್ನು ಕೇಳಿದವರು ಅದನ್ನು ಕಾಮದ ಮಾತೆಂದು ತಿಳಿಯಬಹುದು, ಆದ್ದರಿಂದ ಆ ರೂಪವನ್ನು ಬಿಟ್ಟೇಬಿಡಿ.

ನಾಮಪದದ ಜೊತೆ ಬಂದಾಗ ಮಾತ್ರ ಲಿಂಗ ನೋಡಬೇಕು. ಬಿಸಿನೀರಿನ ತೊಟ್ಟಿ ಪುಲ್ಲಿಂಗ, ಹಾಗಾಗಿ ‘ಹೆಯ್ತುರ್ ಪೊಹ್ತುರ್’. ಸೂಪು ಸ್ತ್ರೀಲಿಂಗ, ‘ಹೆಯ್ತ್ ಸೂಪ’. ನೀರು ನಪುಂಸಕ, ‘ಹೆಯ್ಹ್ತ್ ವಹ್ತ್ನ್’. ಬರಹದಲ್ಲಿ ಎರಡು ‘ತ್’ ಇರುವ ಕಡೆ ಅದರ ಮುಂಚೆ ಸಣ್ಣದೊಂದು ಉಸಿರು ಬರುತ್ತದೆ. ನಾವು ಅಭ್ಯಾಸಬಲದಿಂದ ‘ಅತ್ತೆ’ಯ ಹಾಗೆ ಒತ್ತಿ ಹೇಳುತ್ತೇವೆ, ಅಲ್ಲೇ ಉಚ್ಚಾರ ಕೆಡುವುದು. ‘ತ್’ ಅನ್ನು ಒತ್ತಬೇಡಿ, ಅದಕ್ಕೆ ಮೊದಲು ‘ಹ್’ ಎಂದು ಉಸಿರು ಬಿಡಿ.

ಕ್ರಿಯಾಪದಗಳಲ್ಲೂ ಕನ್ನಡದ ದಾರಿಯೇ ಹತ್ತಿರ. ಇಂಗ್ಲಿಷ್‌ನ ‘ಮೆಲ್ಟ್’ ತಾನೇ ಕರಗುವುದಕ್ಕೂ ಕರಗಿಸುವುದಕ್ಕೂ ಒಂದೇ. ಐಸ್‌ಲ್ಯಾಂಡಿಕ್‌ನಲ್ಲಿ ಕರಗುವುದು ‘ಬ್ರೌದ್ನ’, ಕರಗಿಸುವುದು ‘ಬ್ರೈದ’. ಕಾಯುವುದು ‘ಹಿಹ್ತ್ನ’, ಕಾಯಿಸುವುದು ‘ಹಿತ’. ನೀರು ತಾನಾಗಿ ಕಾದರೆ ‘ವಹ್ತ್ನಿದ್ ಹಿಹ್ತ್ನದಿ’, ನಾನು ಕಾಯಿಸಿದರೆ ‘ಯೆಗ್ ಹಿತದಿ ವಹ್ತ್ನಿದ್’. ಉರಿಯುವುದು, ಉರಿಸುವುದು ಎರಡಕ್ಕೂ ನಿಘಂಟಿನಲ್ಲಿ ‘ಬ್ರೆನ್ನ’ ಎಂದೇ ಸಿಗುತ್ತದೆ, ಆದರೆ ಭೂತಕಾಲದಲ್ಲಿ ದಾರಿ ಕವಲೊಡೆಯುತ್ತದೆ: ಮನೆ ಉರಿಯಿತು ಎನ್ನಲು ‘ಬ್ರನ್’, ಕಾಗದ ಉರಿಸಿದೆ ಎನ್ನಲು ‘ಬ್ರೆನ್ದಿ’. ಕುದಿ–ಕುದಿಸು ಜೋಡಿಗೆ ಮಾತ್ರ ‘ಸ್ಯೋದ’ ಒಂದೇ ಸಾಕು.

ಊಟದ ಮೇಜಿನ ಮೇಲೂ ಇಂಗ್ಲಿಷ್ ‘ಹಾಟ್’ ಕೈಕೊಡುತ್ತದೆ. ಖಾರಕ್ಕೆ ‘ಹೆಯ್ತುರ್’ ಅಲ್ಲ, ‘ಸ್ತೆರ್ಕುರ್’. ಉಗುರುಬೆಚ್ಚಗಿನದಕ್ಕೆ ‘ವೊಲ್ಗುರ್’.

ಪ್ರಶ್ನೆ: ಹವಾಮಾನ ವರದಿಯಲ್ಲಿ ‘ತೀಯು ಸ್ತಿಗ ಹಿತಿ’ ಎಂದು ಕೇಳಿದೆ. ಹೊರಗೆ ಕೇವಲ 10 ಡಿಗ್ರಿ. ಅದನ್ನು ಶಾಖ ಎನ್ನುವುದು ಹೇಗೆ?

ಉತ್ತರ: ಸೊನ್ನೆಗಿಂತ ಮೇಲಿದ್ದರೆ ‘ಹಿತಿ’, ಕೆಳಗಿದ್ದರೆ ‘ಫ್ರೊಸ್ತ್’. ಪ್ಲಸ್, ಮೈನಸ್ ಎನ್ನುವ ಕೆಲಸವನ್ನು ಈ ಎರಡು ಪದ ಮಾಡುತ್ತವೆ. ‘ತೀಯು ಸ್ತಿಗ ಫ್ರೊಸ್ತ್’ ಎಂದರೆ ಮೈನಸ್ 10, ಇದನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಆ ದೇಶದಲ್ಲಿ ದಾಖಲಾದ ಅತಿ ಹೆಚ್ಚಿನ ತಾಪಮಾನವೇ 30.5 ಡಿಗ್ರಿ, 1939ರ ಜೂನ್ 22ರಂದು ಪೂರ್ವದ ತೈಗರ್‌ಹೋರ್ನ್‌ನಲ್ಲಿ. ‘ಹಿತಿ’ ಜ್ವರಕ್ಕೂ ಸಲ್ಲುತ್ತದೆ. ವೈದ್ಯರ ಮುಂದೆ ‘ಯೆಗ್ ಎರ್ ಮೆದ್ ಹಿತ’ ಎಂದರೆ ನನಗೆ ಜ್ವರ ಇದೆ ಎಂದೇ ಅರ್ಥ. ಥರ್ಮಾಮೀಟರ್ ‘ಹಿತಮೈಲಿರ್’.

ಪ್ರಶ್ನೆ: ಬಾಡಿಗೆ ಮನೆ ಹುಡುಕುವಾಗ ಸ್ನಾನದ ಮನೆಯಲ್ಲಿ ಗೀಸರ್ ಇದೆಯೇ ಎಂದು ಹೇಗೆ ಕೇಳಲಿ?

ಉತ್ತರ: ‘ಗೀಸರ್’ ಎಂದು ಕೇಳಬೇಡಿ. ‘ಗೆಯ್ಸಿರ್’ ಎನ್ನುವುದು ಹೌಕದಾಲುರ್ ಕಣಿವೆಯ ಒಂದು ಚಿಮ್ಮುವ ಬಿಸಿನೀರಿನ ಬುಗ್ಗೆಯ ಅಂಕಿತನಾಮ. ಇಂಗ್ಲಿಷ್ ಪದ ಹುಟ್ಟಿದ್ದೇ ಅದರಿಂದ. ಅಂಥ ಬುಗ್ಗೆಗಳಿಗೆಲ್ಲ ಸಾಮಾನ್ಯ ಹೆಸರು ‘ಗೊಸ್‌ಕ್ವೆರ್’. ನೀರು ಕಾಯಿಸುವ ಟ್ಯಾಂಕಿಗೆ ‘ಹಿತಕೂತುರ್’ ಎನ್ನುತ್ತಾರೆ, ಆದರೆ ರೇಕ್ಯಾವಿಕ್‌ನಲ್ಲಿ ಅದರ ಅಗತ್ಯ ಬೀಳುವುದು ಅಪರೂಪ. ‘ಹಿತವೆಯ್ತ’ ಎಂಬ ಕೊಳವೆ ಜಾಲ ನೆಲದಾಳದ ಶಾಖದಿಂದ ಕಾದ ನೀರನ್ನು ಮನೆಮನೆಗೆ ತರುತ್ತದೆ. ನಗರದಲ್ಲಿ ಇದು 1930ರಲ್ಲಿ ಶುರುವಾಯಿತು. ಇಂದು ದೇಶದ ಹತ್ತರಲ್ಲಿ ಒಂಬತ್ತು ಮನೆಗಳು ಬೆಚ್ಚಗಿರುವುದು ಭೂಶಾಖದಿಂದಲೇ.

ಈ ನೀರು ನಲ್ಲಿಗೆ ಬರುವಾಗ 70 ಡಿಗ್ರಿ ದಾಟಿರುವುದುಂಟು. ಮೊದಲು ತಣ್ಣೀರಿನ ನಲ್ಲಿ ತಿರುಗಿಸಿ, ಆಮೇಲೆ ಬಿಸಿಯದನ್ನು ಸ್ವಲ್ಪಸ್ವಲ್ಪ ಬೆರೆಸಿ. ಮಕ್ಕಳಿದ್ದರೆ ಬಿಸಿನೀರಿನ ನಲ್ಲಿಯನ್ನು ಅವರ ಕೈಗೆ ಬಿಡಲೇಬೇಡಿ. ಗಂಧಕದ ವಾಸನೆ ಬಂದರೆ ಗಾಬರಿಯಾಗಬೇಕಿಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಸ್ನಾನಕ್ಕಿಳಿಯುವ ಮುಂಚೆ ಬೆಳ್ಳಿ ಉಂಗುರ, ಸರ ತೆಗೆದಿಡಿ, ಇಲ್ಲವಾದರೆ ಕಪ್ಪಾಗುತ್ತವೆ. ಕುಡಿಯಲು, ಅಡುಗೆಗೆ ತಣ್ಣೀರಿನ ನಲ್ಲಿಯಿಂದಲೇ ಹಿಡಿಯಿರಿ. ಮನೆಯ ಜಾಹೀರಾತಿನಲ್ಲಿ ‘ಒಪ್ನ್’ ಎಂದಿದ್ದರೆ ಅದು ಗೋಡೆಯ ರೇಡಿಯೇಟರೂ ಇರಬಹುದು, ಅಡುಗೆಮನೆಯ ಅವನ್ನೂ ಇರಬಹುದು. ಅವನ್ ಬೇಕಿದ್ದರೆ ‘ಬಾಕರ‌ಒಪ್ನ್’ ಎಂದು ಸ್ಪಷ್ಟವಾಗಿ ಕೇಳಿ.

ಪ್ರಶ್ನೆ: ಯಂತ್ರದ ಕೈಪಿಡಿ ಅನುವಾದಿಸುತ್ತಿದ್ದೇನೆ. ‘ಹೀಟ್’ ಬಂದಲ್ಲೆಲ್ಲ ‘ಹಿತಿ’ ಬಳಸಬಹುದೇ?

ಉತ್ತರ: ಬೇಡ. ಭೌತಶಾಸ್ತ್ರದ ಉಷ್ಣಕ್ಕೆ ‘ವರ್ಮಿ’, ತಾಪಮಾನಕ್ಕೆ ‘ಹಿತಸ್ತಿಗ್’. ಹೀಟ್ ಪಂಪ್ ‘ವರ್ಮದೈಲ’, ಹೀಟ್ ಎಕ್ಸ್‌ಚೇಂಜರ್ ‘ವರ್ಮಸ್ಕಿಫ್ತಿರ್’. ಆದರೆ ಆಹಾರದ ಕ್ಯಾಲರಿ ‘ಹಿತಎಯ್ನಿಂಗ್’, ಅಲ್ಲಿ ರೂಢಿಯೇ ಗೆದ್ದಿದೆ. ಸಮಾಸದ ಮೊದಲಲ್ಲಿ ಕಾಣುವ ‘ಹಿತ’, ‘ವರ್ಮ’ ಷಷ್ಠಿ ರೂಪಗಳು. ನಿಘಂಟಿನಲ್ಲಿ ಹುಡುಕುವಾಗ ‘ಹಿತಿ’, ‘ವರ್ಮಿ’ ಎಂದೇ ಹುಡುಕಿ. ವಿಭಕ್ತಿ ರೂಪಗಳಿಗೆ ಆರ್ನಿ ಮಾಗ್ನುಸ್ಸೊನ್ ಸಂಸ್ಥೆಯವರ ‘ಬೀನ್’ ಕೋಶ ಅಂತರ್ಜಾಲದಲ್ಲಿ ಉಚಿತವಾಗಿದೆ, ಅದರಲ್ಲಿ ಪ್ರತಿ ಪದದ ಎಲ್ಲ ರೂಪಗಳೂ ಒಂದೇ ಪಟ್ಟಿಯಲ್ಲಿ ಸಿಗುತ್ತವೆ.