ಕೇಬಲ್ ಬದಿಗಿಡಿ, ಮೊದಲು ನಂಬರಿನ ಕಾಲಂ ನೋಡಿ

ಸಿಂಧನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ, ಎಕ್ಸೆಲ್‌ನಲ್ಲಿ 1,200 ರೈತರ ನಂಬರ್, ಕೈಯಲ್ಲಿ ಹೊಸ ಫೋನ್. ಡೇಟಾ ಕೇಬಲ್ ಹಾಕಿ ಕಂಪ್ಯೂಟರ್ ಮತ್ತು ಫೋನ್ ಎರಡರಲ್ಲೂ ಒಂದೇ ಪಟ್ಟಿ ಇರುವ ಹಾಗೆ ಸಿಂಕ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಕೇಳಿದ್ದೀರಿ. ಯಾವುದೂ ಬೇಡ. ನಾನು ಇದನ್ನೇ ಮಾಡಿ ಒಂದು ಹತ್ತಿ ಸೀಸನ್ ಪೂರ್ತಿ ಒದ್ದಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತ. ನಮ್ಮ ವ್ಯಾಪಾರ ನಿಂತಿರುವುದೇ ಫೋನಿನ ಮೇಲೆ. ಇವತ್ತು ಏನು ರೇಟ್ ಬಿತ್ತು, ಗಾಡಿ ಎಲ್ಲಿಗೆ ಬಂತು, ದುಡ್ಡು ಯಾವಾಗ, ಎಲ್ಲಾ ಮಾತು ಅದರಲ್ಲೇ. ಅಂಗಡಿ ಫೋನಿನಲ್ಲಿ ಹೆಸರುಗಳು ಹೇಗಿದ್ದವು ಅಂದರೆ ‘ಸಿರವಾರ ಟ್ರ್ಯಾಕ್ಟರ್’, ‘ಮಸ್ಕಿ ತೊಗರಿ ಕಾಕಾ’, ‘ದೇವದುರ್ಗ ಹತ್ತಿ ಹೊಸದು’. ನಿಮ್ಮ ಅಂಗಡಿಯಲ್ಲೂ ಹೀಗೇ ಇರುತ್ತೆ ಅಲ್ವಾ?

ಸಾವ್ಕಾರ್ರು ಹೊಸ ಫೋನ್ ತಂದರು. ನಾನು ಹಳೇ ಫೋನಿನ ನಂಬರ್‌ಗಳನ್ನೆಲ್ಲಾ ಕೇಬಲ್ ಹಾಕಿ ಸಿಎಸ್‌ವಿ ಫೈಲ್ (ಮಧ್ಯೆ ಕಾಮಾ ಹಾಕಿ ಸಾಲುಸಾಲಾಗಿ ಬರೆದ ಬರೀ ಅಕ್ಷರದ ಪಟ್ಟಿ) ಆಗಿ ಕಂಪ್ಯೂಟರ್‌ಗೆ ಇಳಿಸಿಕೊಂಡೆ. ಹೆಸರುಗಳನ್ನು ಊರುವಾರು ಚಂದ ಮಾಡೋಣ ಅಂತ ಆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದೆ. ಕೆಲಸ ಕೆಟ್ಟಿದ್ದು ಇಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಎಕ್ಸೆಲ್ ಶೀಟಿನಲ್ಲೂ ಇದು ಕೂತಿರಬಹುದು.

ಎಕ್ಸೆಲ್‌ಗೆ ಫೋನ್ ನಂಬರ್ ಅಂದರೆ ಏನು ಅಂತ ಗೊತ್ತಿಲ್ಲ. ಅದಕ್ಕೆ ಎಲ್ಲವೂ ಲೆಕ್ಕದ ಸಂಖ್ಯೆ. ಹತ್ತು ಅಂಕಿಯ ನಂಬರ್ ಇದ್ದರೆ ಸುಮ್ನಿರುತ್ತದೆ. ಮುಂದೆ +91 ಇದ್ದರೆ ಪ್ಲಸ್ ಗುರುತನ್ನು ತೆಗೆದುಹಾಕುತ್ತದೆ, ಉಳಿದಿದ್ದು ಹನ್ನೆರಡು ಅಂಕಿ ಆಗುತ್ತದೆ. ಅಷ್ಟು ದೊಡ್ಡ ಸಂಖ್ಯೆಯನ್ನು ಅದು ಪೂರ್ತಿ ತೋರಿಸುವುದಿಲ್ಲ. 9.19845E+11 ಅಂತ ಚಿಕ್ಕದು ಮಾಡಿ ತೋರಿಸುತ್ತದೆ. ನಾನು ಅದನ್ನು ನೋಡಿದ್ದೆ. ಕಾಲಂ ಅಗಲ ಸಾಲದೆ ಹಾಗೆ ಕಾಣುತ್ತಿದೆ, ಒಳಗೆ ನಂಬರ್ ಸರಿಯಾಗಿಯೇ ಇದೆ ಅಂದುಕೊಂಡೆ. ನಿಜವಾಗಿ ಆ ಹೊತ್ತಿಗೆ ಒಳಗೆ ಸರಿಯಾಗಿಯೇ ಇತ್ತು. ಆದರೆ ಸಿಎಸ್‌ವಿ ಆಗಿ ಸೇವ್ ಮಾಡುವಾಗ ಎಕ್ಸೆಲ್ ಒಳಗಿರುವುದನ್ನು ಬರೆಯುವುದಿಲ್ಲ, ತೆರೆ ಮೇಲೆ ತೋರಿಸುತ್ತಿರುವುದನ್ನು ಬರೆಯುತ್ತದೆ. ಸೇವ್ ಒತ್ತಿದೆ, ಮುಚ್ಚಿದೆ. ಕೊನೆಯ ಆರು ಅಂಕಿ ಅಲ್ಲಿಗೆ ಹೋದವು. ಒಂದೇ ಸೀರೀಸಿನ ನಂಬರ್ ಇದ್ದವರೆಲ್ಲಾ ಒಂದೇ ನಂಬರ್ ಆಗಿಬಿಟ್ಟರು.

ಆಮೇಲೆ ಸಿಂಕ್ ಒತ್ತಿದೆ. ಸಾಫ್ಟ್‌ವೇರ್ ಕೇಳಿತು, ಸೇರಿಸಬೇಕಾ, ಬದಲಿಸಬೇಕಾ ಅಂತ. ಡಬಲ್ ಆಗುವುದು ಬೇಡ ಅಂತ ಬದಲಿಸು ಅಂದೆ. ಹೊಸ ಫೋನಿನಲ್ಲಿ ಹೆಸರು ಸಾಲಾಗಿ, ಅಚ್ಚುಕಟ್ಟಾಗಿ ಬಂದವು. ಹಳೇ ಫೋನ್ ಅಳಿಸಿ ಎಕ್ಸ್‌ಚೇಂಜ್‌ಗೆ ಕೊಟ್ಟಾಗಿತ್ತು.

ಹೋಗಿದ್ದು ಯಾರ ನಂಬರ್ ಗೊತ್ತಾ? ಬಾಯಲ್ಲಿ ಹೇಳಿಸಿಕೊಂಡು ಕೈಯಾರೆ ಒತ್ತಿದ ಹತ್ತಂಕಿ ನಂಬರ್‌ಗಳೆಲ್ಲಾ ಉಳಿದವು. ಬಂದ ಕಾಲ್‌ನಿಂದ ಸೇವ್ ಮಾಡಿದವು +91 ಜೊತೆ ಕೂತಿದ್ದವು, ಅವೇ ಹೋದವು. ಅಂದರೆ ತಾವಾಗಿ ನಮ್ಮನ್ನು ನಂಬಿ ಫೋನ್ ಮಾಡುತ್ತಿದ್ದ ರೈತರೇ ಕೈತಪ್ಪಿದರು. ಲಿಂಗಸೂಗೂರು ಕಡೆಯ ಒಬ್ಬರು ದುಡ್ಡಿನ ವಿಷಯಕ್ಕೆ ನಮ್ಮ ಫೋನ್ ಕಾದು ಕಾದು ಬೇರೆ ಅಂಗಡಿಗೆ ಹೋದರು. ಆಮೇಲೆ ನಮ್ಮ ಕಡೆ ಬರಲೇ ಇಲ್ಲ. ಅವರು ಹೋಗಿದ್ದು ಸರಿಯೇ ಇತ್ತು.

ಉಳಿದವರನ್ನು ಹುಡುಕಿಕೊಟ್ಟಿದ್ದು ಎರಡು. ಒಂದು ವಾಟ್ಸಾಪ್‌ನ ಹಳೇ ಚಾಟ್‌ಗಳು. ಹೆಸರು ಹೋದರೂ ಅಲ್ಲಿ ನಂಬರ್ ಪೂರ್ತಿ ಕಾಣುತ್ತದೆ. ಇನ್ನೊಂದು ಅಂಗಡಿಯ ಖಾತೆ ಪುಸ್ತಕ, ನನಗಿಂತ ಮುಂಚಿನ ಗುಮಾಸ್ತರು ಪ್ರತಿ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ನಂಬರ್ ಬರೆದಿಟ್ಟಿದ್ದರು.

ಈಗ ನಿಮ್ಮ ವಿಷಯ. ಎರಡೂ ಕಡೆ ಒಂದೇ ಇರಬೇಕು ಅನ್ನುವ ಆಸೆಯನ್ನೇ ಬಿಡಿ. ಎರಡು ಪಟ್ಟಿ ಇಟ್ಟುಕೊಂಡು ಒಂದನ್ನೊಂದು ತಿದ್ದಲು ಬಿಟ್ಟರೆ ಒಂದರ ತಪ್ಪು ಇನ್ನೊಂದಕ್ಕೆ ಹೋಗಿಯೇ ಹೋಗುತ್ತದೆ. ಪಟ್ಟಿ ಒಂದೇ ಇರಲಿ, ಅದು ಅಂಗಡಿಯ ಜಿಮೇಲ್ ಖಾತೆಯ ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಇರಲಿ. ಕಂಪ್ಯೂಟರ್‌ನಲ್ಲಿ ಬ್ರೌಸರ್ ತೆರೆದರೂ ಅದೇ ಪಟ್ಟಿ, ಫೋನಿನಲ್ಲೂ ಅದೇ. ಒಂದು ಸಲಕ್ಕೆ 3,000 ಹೆಸರಿನವರೆಗೆ ತೆಗೆದುಕೊಳ್ಳುತ್ತದೆ, ನಿಮ್ಮ 1,200 ಒಂದೇ ಸಲಕ್ಕೆ ಹೋಗುತ್ತವೆ. ನನಗೆ ಆಗ ಇಲ್ಲದಿದ್ದ ಒಂದು ಸೌಲಭ್ಯವೂ ಅದರಲ್ಲಿದೆ. ಏನಾದರೂ ಕೆಟ್ಟರೆ 30 ದಿನದೊಳಗಿನ ಹಳೇ ಸ್ಥಿತಿಗೆ ಪಟ್ಟಿಯನ್ನು ವಾಪಸ್ ತರಬಹುದು.

ಎಕ್ಸೆಲ್‌ನಲ್ಲಿ ನಂಬರಿನ ಕಾಲಂ ಆರಿಸಿ, ಫಾರ್ಮ್ಯಾಟನ್ನು ‘ನಂಬರ್’ ಮಾಡಿ ದಶಾಂಶ ಸೊನ್ನೆಗೆ ತನ್ನಿ. ಮುಚ್ಚಿಕೊಂಡಿದ್ದ ಅಂಕಿಗಳು ಇದ್ದರೆ ಹೊರಗೆ ಬರುತ್ತವೆ. ಎಲ್ಲಾ ನಂಬರಿನ ಕೊನೆಗೂ ಸೊನ್ನೆಗಳೇ ಕಂಡರೆ ಆ ಫೈಲ್ ಆಗಲೇ ಹಾಳಾಗಿದೆ, ಅದಕ್ಕಿಂತ ಹಳೇ ಕಾಪಿ ಹುಡುಕಿ. ಮುಂದಿನ 91 ತೆಗೆದು ಹತ್ತೇ ಅಂಕಿ ಇಡಿ, ಕಾಲ್‌ಗೂ ವಾಟ್ಸಾಪ್‌ಗೂ ಅಷ್ಟು ಸಾಕು. ಲ್ಯಾಂಡ್‌ಲೈನ್ ಇದ್ದರೆ ಇನ್ನೂ ಜೋಪಾನ. ರಾಯಚೂರಿನ ಕೋಡ್ 08532ರ ಮುಂದಿನ ಸೊನ್ನೆಯನ್ನು ಎಕ್ಸೆಲ್ ನುಂಗಿಬಿಡುತ್ತದೆ, ಆ ಕಾಲಮನ್ನು ‘ಟೆಕ್ಸ್ಟ್’ ಮಾಡಿಯೇ ಟೈಪ್ ಮಾಡಬೇಕು.

ಕಾಲಂಗಳ ತಲೆಬರಹ ಏನಿರಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಒಂದು ಹೆಸರು ಸೇರಿಸಿ, ಎಕ್ಸ್‌ಪೋರ್ಟ್ ಮಾಡಿ, ಅದರ ಮೊದಲ ಸಾಲನ್ನೇ ನಿಮ್ಮ ಶೀಟಿಗೆ ಹಾಕಿಕೊಳ್ಳಿ. ಹೆಸರು ಕನ್ನಡದಲ್ಲಿದ್ದರೆ ಸೇವ್ ಮಾಡುವಾಗ ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಮೂಲ ಎಕ್ಸೆಲ್ ಫೈಲ್ ಬೇರೆ ಹೆಸರಿನಲ್ಲಿ ಹಾಗೇ ಇರಲಿ. ಸೇವ್ ಆದ ಸಿಎಸ್‌ವಿಯನ್ನು ಮತ್ತೆ ಎಕ್ಸೆಲ್‌ನಲ್ಲಿ ತೆರೆದು ನೋಡಬೇಡಿ, ನೋಟ್‌ಪ್ಯಾಡ್‌ನಲ್ಲಿ ನೋಡಿ. ಫೈಲಿನಲ್ಲಿ ಏನಿದೆಯೋ ಅದನ್ನೇ ಅದು ತೋರಿಸುತ್ತದೆ.

ಮೊದಲು ಐದಾರು ಹೆಸರು ಮಾತ್ರ ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಏರಿಸಿ, ಫೋನಿನಲ್ಲಿ ಬಂದ ಮೇಲೆ ಅವರಿಗೆ ನಿಜವಾಗಿ ಕಾಲ್ ಮಾಡಿ. ರಿಂಗ್ ಆದರೆ ಉಳಿದಿದ್ದು ಏರಿಸಿ. ಫೋನಿನಲ್ಲಿ ಹೊಸ ನಂಬರ್ ಸೇವ್ ಆಗುವ ಜಾಗ ಸಿಮ್ ಅಥವಾ ಫೋನ್ ಅಂತ ಇದ್ದರೆ ಅದನ್ನು ಅಂಗಡಿಯ ಗೂಗಲ್ ಖಾತೆಗೆ ಬದಲಿಸಿ. ಇಲ್ಲದಿದ್ದರೆ ನಾಳೆ ಬರುವ ಗಿರಾಕಿಯ ನಂಬರ್ ಆ ಪಟ್ಟಿಗೆ ಸೇರುವುದೇ ಇಲ್ಲ.

ನಿಮ್ಮ ತಂದೆಯವರ ಕೀಪ್ಯಾಡ್ ಫೋನಿಗೂ ಇದೇ ಪಟ್ಟಿ ಬೇಕು ಅಂತ ಬರೆದಿದ್ದೀರಿ. 1,200 ಹೆಸರನ್ನು ಅದರಲ್ಲಿ ಕೆಳಕ್ಕೆ ಒತ್ತುತ್ತಾ ಹುಡುಕುವುದು ಹಿರಿಯರಿಗೆ ಆಗದ ಕೆಲಸ. ಅವರು ದಿನಾ ಮಾತಾಡುವವರ ನಂಬರ್ ಮಾತ್ರ ಗೂಗಲ್ ಕಾಂಟ್ಯಾಕ್ಟ್ಸ್‌ನಿಂದ ವಿಸಿಎಫ್ ಫೈಲ್ (ಫೋನ್‌ಗಳು ಹೆಸರು-ನಂಬರ್ ಓದುವ ಫೈಲ್) ಆಗಿ ಇಳಿಸಿ ಮೆಮೊರಿ ಕಾರ್ಡಿಗೆ ಹಾಕಿ ನೋಡಿ. ಅವರ ಫೋನ್ ಅದನ್ನು ಓದದಿದ್ದರೆ ಪಕ್ಕದಲ್ಲಿ ಕೂತು ಕೈಯಾರೆ ಒತ್ತಿಕೊಡಿ.