‘ಇಳಿದರು’ ಎನ್ನಬೇಡಿ ಮೇಷ್ಟ್ರೇ

ತಿಪಟೂರಿನಿಂದ ನಿವೃತ್ತ ಅಧ್ಯಾಪಕರೊಬ್ಬರು ಬರೆದಿದ್ದಾರೆ: “ಉಮಾಶ್ರೀ ನಮ್ಮ ತಾಲ್ಲೂಕಿನ ಹೆಣ್ಣುಮಗಳು. ‘ಒಡಲಾಳ’ ನಾಟಕದ ಸಾಕವ್ವನಾಗಿ ಅವರನ್ನು ಕಂಡವನು ನಾನು. ರಾಷ್ಟ್ರಪ್ರಶಸ್ತಿ ಪಡೆದವರು, ಮಂತ್ರಿಯಾಗಿದ್ದವರು. ಅಂಥವರು ‘ಪುಟ್ಟಕ್ಕನ ಮಕ್ಕಳು’ ಎಂಬ ಧಾರಾವಾಹಿಗೆ ಇಳಿದರಲ್ಲ ಎಂದು ಸಂಕಟವಾಗುತ್ತದೆ. ಅದು ಬರುತ್ತಿದ್ದಾಗ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಒಂದು ಲೋಟ ಕಾಫಿ ಕೇಳುವ ಹಾಗಿರಲಿಲ್ಲ. ಆಕೆ ಮೆಸ್ಸಿನ ಒಲೆಯ ಮುಂದೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುವುದನ್ನು ಕಂಡಾಗಲೆಲ್ಲ, ಈ ಕೈಗೆ ಈ ಕೆಲಸವೇ ಅನ್ನಿಸುತ್ತಿತ್ತು. ಇಂಥ ಕಲಾವಿದರು ಹೀಗೆ ಇಳಿಯುವುದನ್ನು ಪತ್ರಿಕೆಗಳಾದರೂ ಪ್ರಶ್ನಿಸಬಾರದೇ?”

ಮೇಷ್ಟ್ರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಾಕವ್ವನನ್ನು ನಾಲ್ಕು ದಶಕ ಎದೆಯಲ್ಲಿಟ್ಟುಕೊಂಡ ಓದುಗರು ಈ ಪತ್ರಿಕೆಗೆ ಇದ್ದಾರೆ ಎಂಬುದೇ ನನಗೆ ಹೆಮ್ಮೆ. ಆದರೆ ನಿಮ್ಮ ಪತ್ರದ ಒಂದು ಪದವನ್ನು ನಾನು ಒಪ್ಪಲಾರೆ. ಒಂದು ಸಣ್ಣ ಪತ್ರದಲ್ಲಿ ಅದನ್ನು ಎರಡು ಸಲ ಬಳಸಿದ್ದೀರಿ: ಇಳಿಯುವುದು.

ರೈತ ಗದ್ದೆಗೆ ಇಳಿಯುತ್ತಾನೆ, ಜಟ್ಟಿ ಕಣಕ್ಕೆ ಇಳಿಯುತ್ತಾನೆ. ಅವರನ್ನು ನೋಡಿ ಯಾರೂ ಅಯ್ಯೋ ಅನ್ನುವುದಿಲ್ಲ. ಕಲಾವಿದೆ ಟಿವಿಗೆ ಇಳಿದಳು ಎನ್ನುವಾಗ ಮಾತ್ರ ಅದೇ ಮಾತಿಗೆ ಬೀಳುವುದು ಎಂಬ ಅರ್ಥ ಬಂದುಬಿಡುತ್ತದೆ. ಶಂಕರ್‌ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ್ದು ದೂರದರ್ಶನಕ್ಕಾಗಿ. ಭೈರಪ್ಪನವರ ‘ಗೃಹಭಂಗ’ವನ್ನು ಕಂತುಕಂತಾಗಿ ಕಿರುತೆರೆಗೆ ತಂದವರು ಗಿರೀಶ ಕಾಸರವಳ್ಳಿ. ಅವರು ಇಳಿದರು ಎಂದು ಯಾರಾದರೂ ಬರೆದದ್ದನ್ನು ನಾನಂತೂ ಓದಿಲ್ಲ.

ನಿಮ್ಮ ಮಾತಿನಲ್ಲಿ ನಿಜವಿಲ್ಲ ಎನ್ನುತ್ತಿಲ್ಲ. ಇಂದಿನ ಧಾರಾವಾಹಿಗಳಲ್ಲಿ ಒಂದು ಕೆನ್ನೆಯೇಟನ್ನು ಮೂರು ಕಡೆಯಿಂದ ತೋರಿಸುತ್ತಾರೆ, ಗುಡುಗು ಸಿಡಿಲಿನ ಸದ್ದು ಸೇರಿಸುತ್ತಾರೆ, ಮುಗಿಯಬೇಕಾದ ಕಥೆಯನ್ನು ಎಳೆಯುತ್ತಾರೆ. ಒಪ್ಪಿದೆ. ಆದರೆ ಆ ಗದ್ದಲದ ನಡುವೆ ನಿಂತು ಒಬ್ಬ ನಟಿ ಏನು ಮಾಡುತ್ತಿದ್ದಾರೆ ಎಂಬುದನ್ನು ನೋಡುವುದು ನಮ್ಮ ಕೆಲಸವಲ್ಲವೇ?

‘ಒಡಲಾಳ’ವನ್ನು ನಾನು ನೋಡಿದ್ದು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ. ದೇವನೂರ ಮಹಾದೇವರ ಕಥೆ, ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನ, ‘ಸಮುದಾಯ’ ತಂಡ. 1957ರಲ್ಲಿ ನಿಮ್ಮ ಪಕ್ಕದ ನೊಣವಿನಕೆರೆಯಲ್ಲಿ ಹುಟ್ಟಿದ ಹುಡುಗಿ ಹಣ್ಣುಹಣ್ಣು ಮುದುಕಿಯಾಗಿ ರಂಗದ ಮೇಲೆ ಬಂದಿದ್ದರು. ಸಾಕವ್ವನ ಹುಂಜ ಕಳೆದುಹೋಗಿದೆ, ಅದನ್ನು ಹುಡುಕುತ್ತಿದ್ದಾಳೆ. ಸೊಂಟ ಬಗ್ಗಿಸಿಕೊಂಡೇ ರಂಗದ ಅಂಚಿಗೆ ಬಂದು, ಹುಬ್ಬಿನ ಮೇಲೆ ಕೈ ಇಟ್ಟು ನಮ್ಮ ಸಾಲುಗಳತ್ತ ನೋಡಿದರು. ನನ್ನ ಪಕ್ಕದಲ್ಲಿ ಕುಳಿತಿದ್ದ, ಪ್ಯಾಂಟು ಷರಟು ತೊಟ್ಟ ದೊಡ್ಡ ಮನುಷ್ಯರು ಕಾಲೆತ್ತಿ ತಮ್ಮ ಕುರ್ಚಿಯ ಕೆಳಗೆ ನೋಡಿದರು. ಆಮೇಲೆ ನಾಚಿಕೊಂಡು ನನ್ನ ಮುಖ ನೋಡಿದರು. ಅಭಿನಯ ಎಂದರೆ ಏನೆಂದು ಯಾರಾದರೂ ಕೇಳಿದರೆ ಈಗಲೂ ನಾನು ಹೇಳುವುದು ಆ ಎರಡು ಕಾಲುಗಳ ಕಥೆಯನ್ನೇ.

ಅದಾದ ಮೇಲೆ ಏನಾಯಿತು? 1984ರಲ್ಲಿ ಕಾಶೀನಾಥ್ ಅವರ ‘ಅನುಭವ’ ಚಿತ್ರ ಬಂತು. ಅದರಲ್ಲಿನ ಉಮಾಶ್ರೀಯವರ ಪಾತ್ರ ಗೆದ್ದಿತು, ಗೆದ್ದದ್ದೇ ಅವರಿಗೆ ಬೇಲಿಯಾಯಿತು. ಮುಂದೆ ವರ್ಷಗಟ್ಟಲೆ ಗಾಂಧಿನಗರ ಅವರಿಗೆ ಕೊಟ್ಟದ್ದು ಎನ್.ಎಸ್. ರಾವ್, ದಿನೇಶ್, ಮೈಸೂರು ಲೋಕೇಶ್ ಅವರ ಎದುರಿಗೆ ಎರಡರ್ಥದ ಮಾತಿನ ಹಾಸ್ಯ. ಹೊಟ್ಟೆಪಾಡಿಗೆ ಅದನ್ನೂ ಮಾಡಿದರು, ಒಬ್ಬರೂ ನಗದೇ ಹೋಗದ ಹಾಗೆ ಮಾಡಿದರು. ಸಾಕವ್ವನಿಗೆ ಜೀವ ಕೊಟ್ಟವರು ದೊಡ್ಡ ಪರದೆಯ ಮೇಲೆ ಅಂಥ ಮಾತುಗಳನ್ನು ಆಡಬೇಕಾಗಿ ಬಂದ ಆ ಕಾಲದಲ್ಲಿ ಪತ್ರಿಕೆಗಳಿಗೆ ಸಂಕಟದ ಪತ್ರ ಬರೆದವರು ಎಷ್ಟು ಮಂದಿ? ಆಗ ನಾನೂ ಬರೆಯಲಿಲ್ಲ. ಟಾಕೀಸಿನ ಪರದೆ ಎತ್ತರದಲ್ಲಿತ್ತು, ಆದ್ದರಿಂದ ಅದು ‘ಇಳಿಯುವುದು’ ಎಂದು ನಮಗೆ ಕಾಣಲಿಲ್ಲ. ನನ್ನನ್ನು ಕೇಳಿದರೆ, ಈ ಹೆಣ್ಣುಮಗಳಿಗೆ ಅನ್ಯಾಯವಾದದ್ದು ಆಗ, ಈಗಲ್ಲ.

ಬೇಲಿಯ ಒಳಗಿದ್ದೇ ಅವರು ಗಿಡ ನೆಟ್ಟರು. 1995ರ ‘ಪುಟ್ನಂಜ’ದ ಪುಟ್ಮಲ್ಲಿ ನಿಮಗೆ ನೆನಪಿರಬೇಕು. ವಯಸ್ಸಿನಲ್ಲಿ ತಮಗಿಂತ ನಾಲ್ಕೇ ವರ್ಷ ಕಿರಿಯರಾದ ರವಿಚಂದ್ರನ್ ಅವರಿಗೆ ಅಜ್ಜಿ! ಇಡೀ ಕರ್ನಾಟಕ ಆ ಅಜ್ಜಿಯನ್ನು ನಂಬಿತು. ನಂಬಿಸಿದ್ದು ಸುಣ್ಣ ಬಳಿದ ಕೂದಲಲ್ಲ. ದವಡೆ, ಬೆನ್ನು, ಹೆಜ್ಜೆ.

ಇನ್ನು ನೀವು ಎತ್ತಿಹಿಡಿದ ರಾಷ್ಟ್ರಪ್ರಶಸ್ತಿ. ಅದು ಬಂದದ್ದು 2008ರ ‘ಗುಲಾಬಿ ಟಾಕೀಸ್’ ಚಿತ್ರಕ್ಕೆ. ನಂದಿನಿ ಭಕ್ತವತ್ಸಲ ಅವರಿಗೆ ‘ಕಾಡು’, ತಾರಾ ಅವರಿಗೆ ‘ಹಸೀನಾ’ ತಂದುಕೊಟ್ಟ ಪ್ರಶಸ್ತಿಯೇ ಅದು. ಆ ಚಿತ್ರ ಯಾವುದರ ಬಗ್ಗೆ ಎಂಬುದನ್ನು ದಯವಿಟ್ಟು ನೆನಪಿಸಿಕೊಳ್ಳಿ ಮೇಷ್ಟ್ರೇ. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಕಾಸರವಳ್ಳಿಯವರ ಸಿನಿಮಾದಲ್ಲಿ ಗುಲಾಬಿಯ ಮನೆಗೆ ಬರುವುದು ಟಿವಿ. ಕುಂದಾಪುರದ ಕಡೆಯ ಮೀನುಗಾರರ ನಡುವೆ ಒಂಟಿಯಾಗಿರುವ ಸೂಲಗಿತ್ತಿ, ಗಂಡ ಬಿಟ್ಟ ಮುಸ್ಲಿಂ ಹೆಣ್ಣು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಬಣ್ಣದ ಟಿವಿ, ಮೇಲೊಂದು ಡಿಶ್ ಸಿಗುತ್ತದೆ. ಅಲ್ಲಿಯವರೆಗೆ ಆ ಹೊಸಿಲು ತುಳಿಯದಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಮನೆಯಲ್ಲಿ ಕೂರುತ್ತಾರೆ. ಜಾತಿ ಧರ್ಮದ ಗೋಡೆ ದಾಟಿ ಹೆಂಗಸರು ಒಂದು ಕೋಣೆಯಲ್ಲಿ ಕೂತದ್ದು ಆ ಪೆಟ್ಟಿಗೆಯ ಮುಂದೆ. ಅವರನ್ನು ಕಂಡು ಅಲ್ಲಿ ಹುಬ್ಬು ಗಂಟಿಕ್ಕುವವರು ಗಂಡಸರು.

ಆ ಗುಲಾಬಿಗೆ ಮೆಚ್ಚಿ ಚಪ್ಪಾಳೆ ತಟ್ಟಿದವರು ನಾವು. 2021ರ ಡಿಸೆಂಬರಿನಲ್ಲಿ ಅದೇ ನಟಿ ಪೆಟ್ಟಿಗೆಯ ಈಚೆಯಿಂದ ಆಚೆಗೆ ಹೋಗಿ ಪುಟ್ಟಕ್ಕನಾದರು. ಈ ಪುಟ್ಟಕ್ಕನೂ ಗಂಡ ಕೈಬಿಟ್ಟವಳು. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವವಳು. ಗುಲಾಬಿಯ ಮನೆಯಲ್ಲಿ ಕೂತಿದ್ದ ಹೆಂಗಸರೇ ನಾಡಿನ ತುಂಬ ತಮ್ಮ ತಮ್ಮ ಮನೆಗಳಲ್ಲಿ ಕೂತು ಅವಳನ್ನು ನೋಡಿದರು ಎಂದುಕೊಳ್ಳಿ. ಅವರ ಮುಂದೆ ಹೋಗಿ ನಿಲ್ಲುವುದು ಇಳಿಯುವುದು ಹೇಗಾದೀತು?

ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬರಿದ್ದಾರೆ. ಸಂಜೆಯ ಹೊತ್ತು ಎದುರಿಗೆ ಪುಟ್ಟ ಟಿವಿ ಹಚ್ಚಿಟ್ಟುಕೊಂಡು ಹೊಲಿಯುತ್ತಾರೆ. ರವಿಕೆ ಕೊಡಲು ಹೋದ ನನ್ನ ಮಗಳ ಜೊತೆ ನಾನೂ ಒಂದು ದಿನ ಅಲ್ಲಿ ನಿಂತಿದ್ದೆ. ಧಾರಾವಾಹಿ ನಡೆಯುತ್ತಿತ್ತು, ಮಿಷನ್ನೂ ಓಡುತ್ತಿತ್ತು. ಪುಟ್ಟಕ್ಕ ತೆರೆಗೆ ಬಂದ ಕೂಡಲೇ ಪೆಡಲಿನ ಮೇಲೆ ಪಾದ ನಿಂತಿತು. ದೃಶ್ಯ ಬೇರೆಯವರಿಗೆ ಹೋದಾಗ ಸೂಜಿ ಮತ್ತೆ ಓಡಿತು. ಮತ್ತೆ ಪುಟ್ಟಕ್ಕ, ಮತ್ತೆ ನಿಲುಗಡೆ. ಯಾಕೆ ಎಂದು ಕೇಳಿದೆ. “ಉಳಿದವರದ್ದು ಕಿವಿಗೆ ಬಿದ್ದರೆ ಸಾಕು ಸಾರ್, ಇವರದ್ದು ನೋಡಬೇಕು” ಎಂದರು. ಒಬ್ಬ ಕಲಾವಿದೆಯ ಬಗ್ಗೆ ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಈಚೆಗೆ ಯಾವ ಪತ್ರಿಕೆಯಲ್ಲೂ ಓದಿಲ್ಲ. ಅವರಿಗೆ ಹೊಲಿಗೆಯೊಂದಕ್ಕೆ ಇಷ್ಟು ಎಂದು ಕೂಲಿ. ಪಾದ ನಿಂತಷ್ಟು ಹೊತ್ತು ಸಂಪಾದನೆ ನಿಂತಂತೆ. ಹಾಗಿದ್ದೂ ನಿಲ್ಲಿಸುತ್ತಾರೆ.

ಕಿರುತೆರೆಯ ಕೆಲಸ ಸುಲಭದ್ದೂ ಅಲ್ಲ. ವಾರಕ್ಕೆ ಐದಾರು ಕಂತು ಎಂದರೆ ವಾರಕ್ಕೊಂದು ಸಿನಿಮಾದಷ್ಟು ಉದ್ದ. ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ಇರುತ್ತದೆ. ಇಲ್ಲಿ ಎಷ್ಟೋ ಸಲ ಮಾತು ಕೈಗೆ ಬರುವುದೇ ಚಿತ್ರೀಕರಣದ ದಿನ; ಪಕ್ಕದಲ್ಲಿ ಒಬ್ಬರು ಓದಿ ಹೇಳುತ್ತಾರೆ, ನಟರು ಅದನ್ನು ಹಿಡಿದು ಆಡಬೇಕು. ಬೆಳಿಗ್ಗೆ ಮದುವೆಯ ದೃಶ್ಯ, ಮಧ್ಯಾಹ್ನ ಅದಕ್ಕೂ ಹಿಂದಿನ ಜಗಳ. ಅಷ್ಟರಲ್ಲಿ ಪಾತ್ರದ ಎಳೆ ತಪ್ಪಬಾರದು, ವರ್ಷಗಟ್ಟಲೆ ತಪ್ಪಬಾರದು. ರಂಗಭೂಮಿಯಲ್ಲಿ ಪಳಗಿದ ದೇಹಕ್ಕಲ್ಲದೆ ಇದು ಒಗ್ಗುವುದು ಕಷ್ಟ.

ಆದರೂ ನಾವು ಅದರ ಬಗ್ಗೆ ಬರೆಯುವುದಿಲ್ಲ. ಶುಕ್ರವಾರ ಬಂದು ಮುಂದಿನ ಶುಕ್ರವಾರದೊಳಗೆ ಎತ್ತಂಗಡಿಯಾಗುವ ಸಿನಿಮಾಕ್ಕೆ ಅರ್ಧ ಪುಟ ವಿಮರ್ಶೆ, ಮೇಲೆ ನಕ್ಷತ್ರಗಳು. ವರ್ಷಗಟ್ಟಲೆ ಮನೆಮನೆಯಲ್ಲಿ ಉಳಿದ ಪಾತ್ರದ ಬಗ್ಗೆ ಒಂದು ಪ್ಯಾರಾ ಇಲ್ಲ. ಯಾರ ಮದುವೆ, ಯಾರು ಹೊರನಡೆದರು ಎಂಬ ಸುದ್ದಿಯಷ್ಟೇ. ವೈಶಾಲಿ ಕಾಸರವಳ್ಳಿಯವರು ‘ಮೂಡಲಮನೆ’ ನಿರ್ದೇಶಿಸಿದರು. ಅದರಲ್ಲಿ ಯಾರು ಯಾವ ದೃಶ್ಯವನ್ನು ಹೇಗೆ ಆಡಿದರು ಎಂದು ನಾಳೆ ಒಬ್ಬ ವಿದ್ಯಾರ್ಥಿ ಹುಡುಕಿ ಬಂದರೆ ಈ ಪತ್ರಿಕೆಯ ಹಳೆಯ ಸಂಪುಟಗಳಲ್ಲಿ ಒಂದು ಸಾಲೂ ಸಿಗುವುದಿಲ್ಲ. ಇದು ನಮ್ಮ ತಪ್ಪು, ನಾಚಿಕೆಯಿಂದಲೇ ಹೇಳುತ್ತೇನೆ. ಈ ತಾತ್ಸಾರ ಧಾರಾವಾಹಿಯ ಮೇಲಿನದಲ್ಲ, ಅದನ್ನು ನೋಡುವವರ ಮೇಲಿನದು ಎಂಬುದು ನನ್ನ ಬಹುಕಾಲದ ಗುಮಾನಿ. ಗಂಡಸರು ಸಂಜೆಯೆಲ್ಲ ಕ್ರಿಕೆಟ್ ನೋಡಿದರೆ ಅಭಿರುಚಿ, ಹೆಂಗಸರು ಅರ್ಧ ಗಂಟೆ ಪುಟ್ಟಕ್ಕನನ್ನು ನೋಡಿದರೆ ಚಟ. ದಿನವಿಡೀ ಒಲೆಯ ಮುಂದೆ ನಿಂತವರು ಧಾರಾವಾಹಿಯ ಹೊತ್ತಿಗೆ ಕೂತರೆ, ಮೇಷ್ಟ್ರೇ, ಕಾಫಿ ಕಾಯಲಿ. ಅಥವಾ ನೀವೇ ಮಾಡಿ ಇಬ್ಬರಿಗೂ ತನ್ನಿ.

ನೀವು ಮರುಗುತ್ತಿರುವ ಆ ಕಲಾವಿದೆಗಂತೂ ಯಾವ ಅಂಗಳವೂ ಕೀಳಲ್ಲ. ಬೇಲೂರು ರಘುನಂದನ್ ಬರೆದ ‘ಶರ್ಮಿಷ್ಠೆ’ಯನ್ನು ರಂಗದ ಮೇಲೆ ಒಬ್ಬರೇ ನಿಂತು ಆಡಿದರು. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಗೆಜ್ಜೆ ಕಟ್ಟಿ ಯಕ್ಷಗಾನದ ಮಂಥರೆಯಾದರು. ಅರವತ್ತೇಳರ ವಯಸ್ಸಿನಲ್ಲಿ, ಚೆಂಡೆ ಮದ್ದಳೆಯ ಮುಂದೆ, ಹೊಸಬರಂತೆ!

ಈಗ ನಿಮಗೊಂದು ಕೆಲಸ. ನಿಮ್ಮ ಪತ್ರದಲ್ಲಿ ‘ಸೆರಗಿನಲ್ಲಿ ಮುಖ ಒರೆಸಿಕೊಳ್ಳುವುದು’ ಎಂಬ ಮಾತಿದೆ. ಅಷ್ಟು ಗಮನವಿಟ್ಟು ನೋಡಿದ್ದೀರಿ ಎಂದಾಯಿತು. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪುಟ್ಟಕ್ಕನ ಯಾವ ದೃಶ್ಯ ಅವರ ಮನಸ್ಸಿನಲ್ಲಿ ನಿಂತಿದೆ ಎಂದು ಕೇಳಿ. ಅವರು ಹೇಳಲಿ, ನೀವು ಬರೆದುಕೊಳ್ಳಿ. ಕೈ ಎಲ್ಲಿತ್ತು, ಕಣ್ಣು ಎಲ್ಲಿತ್ತು, ಮಾತು ಎಲ್ಲಿ ತಡೆಯಿತು, ಎಲ್ಲವೂ ಇರಲಿ. ಆರುನೂರು ಪದ ಸಾಕು. ಮುಂದಿನ ತಿಂಗಳ 10ರೊಳಗೆ ತಲುಪಿಸಿ. ವಿಮರ್ಶೆಯ ಪುಟದಲ್ಲಿ ಸಿನಿಮಾಗಳಿಗಿಂತ ಮೊದಲು, ನಿಮ್ಮ ಮನೆಯವರ ಹೆಸರಿನಲ್ಲಿಯೇ ಅದನ್ನು ಪ್ರಕಟಿಸುತ್ತೇವೆ.

— ಸಂಪಾದಕ